ಸಮುದಾಯದ ಹಕ್ಕು, ಮಗುವಿನ ಮಾತು

ಮನುಷ್ಯ ಒಂಟಿಯಾಗಿ ರೂಪುಗೊಳ್ಳುವುದಿಲ್ಲ. ಭಾಷೆ, ವಿಶ್ವಾಸ, ಆಚಾರಗಳ ಮಡಿಲಲ್ಲೇ ತಾನು ಯಾರೆಂದು ಅರಿಯುತ್ತಾನೆ. ಕೆನಡಾದ ಚಾರ್ಲ್ಸ್ ಟೇಲರ್ ಮೊದಲಾದ ಸಮುದಾಯಪರ ಚಿಂತಕರ ಈ ಮಾತನ್ನು ನೀವು ಒಪ್ಪುವಿರಿ. ಆದರೆ ಆ ಮಡಿಲಿಗೆ ಕಾನೂನಿನ ರಕ್ಷಣೆ ಎಲ್ಲಿಯವರೆಗೆ ಸಲ್ಲಬೇಕು?

ಅದೇ ನಾಡಿನ ವಿಲ್ ಕಿಮ್ಲಿಕಾ 1995ರ 'ಮಲ್ಟಿಕಲ್ಚರಲ್ ಸಿಟಿಜನ್‌ಶಿಪ್' ಗ್ರಂಥದಲ್ಲಿ ಇದಕ್ಕೆ ಉತ್ತರಿಸುತ್ತಾರೆ. ಹೊರಗಿನ ಬಹುಸಂಖ್ಯಾತರ ಒತ್ತಡದಿಂದ ಗುಂಪನ್ನು ಕಾಯುವ ಹಕ್ಕು ನ್ಯಾಯವಾದದ್ದು. ಒಳಗಿನ ಸದಸ್ಯರ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಹಕ್ಕು ಹಾಗಲ್ಲ. ಈ ವಿಂಗಡಣೆಯೇ ಗ್ರಂಥದ ಹಿರಿಮೆ. ಆದರೆ ಬಾಳಿನಲ್ಲಿ ಆ ಗೆರೆ ಮನೆಯ ನಡುವೆಯೇ ಹಾದುಹೋಗುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 16 ವರ್ಷದವರೆಗೆ ಶಿಕ್ಷಣ ಕಡ್ಡಾಯವಾಗಿತ್ತು. ಆಮಿಶ್ ಪರಂಪರೆಯ ಮೂವರು ತಂದೆಯರು 8ನೆಯ ತರಗತಿಯ ಬಳಿಕ ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. ತಲಾ 5 ಡಾಲರ್ ದಂಡ ಬಿತ್ತು. 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಂದೆಯರ ಪರವಾಗಿ ತೀರ್ಪಿತ್ತಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಮಾತ್ರ ಭಾಗಶಃ ಭಿನ್ನಮತ ಬರೆದರು: ಮೂವರು ಮಕ್ಕಳಲ್ಲಿ ಒಬ್ಬಳಷ್ಟೇ ತನ್ನ ಮನದ ಮಾತನ್ನು ನ್ಯಾಯಾಲಯಕ್ಕೆ ತಿಳಿಸಿದ್ದಳು; ಉಳಿದಿಬ್ಬರ ಅಭಿಪ್ರಾಯ ದಾಖಲಾಗಿರಲಿಲ್ಲ.

ತಂದೆಗೆ ದೊರೆತ ರಕ್ಷಣೆಯೇ ಮಗುವಿಗೆ ನಿರ್ಬಂಧವಾಗಬಹುದು. ಒಂದೇ ಹಕ್ಕು ಎರಡೂ ಕೆಲಸ ಮಾಡಬಲ್ಲದೆಂದು ಕಿಮ್ಲಿಕಾ ಬಲ್ಲರು. ಆದರೆ ಅಂಥಲ್ಲಿ ಮೊದಲು ಯಾರನ್ನು ಕೇಳಬೇಕೆಂಬುದಕ್ಕೆ ಅವರ ಸೂತ್ರಕ್ಕಿಂತ ಡಗ್ಲಸರ ಆ ಕೆಲವು ಪುಟಗಳೇ ಹೆಚ್ಚು ಬೆಳಕು ಚೆಲ್ಲುತ್ತವೆ.

ಅಲ್ಪಸಂಖ್ಯಾತರಾದ ನಮಗೂ ಸಂವಿಧಾನದ 29 ಮತ್ತು 30ನೆಯ ವಿಧಿಗಳ ಆಸರೆಯಿದೆ. ಅದಕ್ಕಾಗಿ ದನಿಯೆತ್ತುವ ನಾವು, ನಮ್ಮ ನಡುವಿನ ಕಿರಿಯರ ದನಿಗೂ ಕಿವಿಗೊಡುತ್ತಿದ್ದೇವೆಯೇ?