ಹೊಗೆಕೊಳವೆ ಮೊರೆದರೆ ಖುಷಿಪಡಬೇಡಿ

ಡಿಸೆಂಬರ್ ಹಿಡಿಯಿತೆಂದರೆ ಕೊಡಗಿನ ನಮ್ಮ ನೆಲ್ಯಹುದಿಕೇರಿಯ ಬಚ್ಚಲುಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಹಂಡೆಗೆ ಉರಿ ಬೀಳುತ್ತದೆ. ಕಾಫಿ ಕುಯ್ಲು ಮುಗಿಸಿ ಬಂದವರಿಗೆ ಮೈತುಂಬ ಧೂಳು, ಕೈತುಂಬ ಅಂಟು. ಬಿಸಿನೀರು ಬೀಳದೆ ಊಟ ಇಳಿಯುವುದಿಲ್ಲ. ಸೋಲಾರ್ ಬಂದಿದೆ, ಗೀಸರ್ ಬಂದಿದೆ. ಆದರೂ ತೋಟದಲ್ಲಿ ಸೌದೆ ಇರುವವರೆಗೆ ತಾಮ್ರದ ಹಂಡೆ ಕೆಳಗಿಳಿಯುವುದಿಲ್ಲ. ಇಳಿಯದಿರಲಿ ಎಂಬುದೇ ನನ್ನ ಆಸೆ. ಈ ವಾರ ಹಂಡೆ ಒಲೆಯ ಸದ್ದುಗಳ ಬಗ್ಗೆ ಬರೆಯಲು ಒಂದು ಕಾರಣವಿದೆ. ನಾವು ಬೆಚ್ಚಿಬೀಳುವ ಸದ್ದುಗಳಲ್ಲಿ ಬಹುಪಾಲು ನಿರಪಾಯದವು. ‘ಒಲೆ ಎಷ್ಟು ಚೆನ್ನಾಗಿ ಎಳೀತಿದೆ ನೋಡಿ’ ಎಂದು ನಾವು ಮೆಚ್ಚಿಕೊಳ್ಳುವ ಸದ್ದೇ ಕೆಲವೊಮ್ಮೆ ಮನೆ ಸುಡುವ ಸದ್ದು.

ಮೊದಲು ಸುಯ್ಯೆನ್ನುವ ಸೌದೆ. ಕೊಳ್ಳಿಯ ತುದಿಯಲ್ಲಿ ನೊರೆ ಬಂದು, ಸಣ್ಣಗೆ ಸಿಳ್ಳೆ ಕೇಳಿದರೆ ಒಳಗಿನ ನೀರು ಆವಿಯಾಗಿ ಹೊರಬರುತ್ತಿದೆ ಎಂದರ್ಥ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅಂಥ ಹತ್ತು ಕಿಲೋ ಸೌದೆ ಒಲೆಗಿಟ್ಟರೆ ಐದು ಕಿಲೋ ನೀರನ್ನು ಆವಿ ಮಾಡಲೇಬೇಕು. ಅದಕ್ಕೆ ಸುಮಾರು 3,100 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಐವತ್ತು ಲೀಟರಿನ ಹಂಡೆಯ ನೀರನ್ನು 18 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಬೇಕಾದದ್ದು 2,100 ಮಾತ್ರ. ಅಂದರೆ ನಮ್ಮ ಸ್ನಾನಕ್ಕಿಂತ ಹೆಚ್ಚಿನ ಶಾಖ ಸೌದೆಯನ್ನು ಒಣಗಿಸುವುದಕ್ಕೇ ಖರ್ಚಾಯಿತು. ನೀರು ಆವಿಯಾಗುವಾಗ ಹೀಗೆ ಕಾಣದಂತೆ ನುಂಗಿಕೊಳ್ಳುವ ಶಾಖವನ್ನು 1760ರ ದಶಕದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಅಳೆದು ತೋರಿಸಿದ. ನಮ್ಮ ಊರಿನ ಹೆಂಗಸರಿಗೆ ಅದು ಊದುಕೊಳವೆ ಹಿಡಿದ ಕೈಗಳಿಂದಲೇ ಗೊತ್ತು. ಹಸಿ ಸೌದೆಯ ಹೊಗೆ ತಣ್ಣಗೆ, ತೇವವಾಗಿ ಕೊಳವೆ ಹತ್ತುತ್ತದೆ. ಹತ್ತುತ್ತ ಒಳಗೋಡೆಗೆ ಡಾಂಬರಿನಂಥ ಮಸಿಯನ್ನು ಅಂಟಿಸುತ್ತ ಹೋಗುತ್ತದೆ. ಈ ಮಸಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಲೆ ಭುರ್ರೆಂದು ಉಗುಳಿದರೆ ‘ಒಲೆ ನಗ್ತಿದೆ, ನೆಂಟರು ಬರ್ತಾರೆ’ ಎನ್ನುವುದು ಹಳೆಯ ಮಾತು. ಸೌದೆಯ ಬಿರುಕಿನಲ್ಲಿ ಸಿಕ್ಕಿಕೊಂಡ ಅನಿಲ ಒಮ್ಮೆಗೇ ನುಗ್ಗಿ ಉರಿಯುವುದರಿಂದ ಆ ಸದ್ದು. ನೆಂಟರು ಬಂದರೆ ಒಳ್ಳೆಯದು, ಬರದಿದ್ದರೂ ಒಲೆಗೆ ಕೇಡಿಲ್ಲ. ಚಟಪಟವೂ ಅಷ್ಟೇ, ಮರದ ಒಳಗಿನ ಸಣ್ಣ ಗೂಡುಗಳು ಆವಿಯ ಒತ್ತಡಕ್ಕೆ ಒಡೆಯುತ್ತವೆ. ಕಿತ್ತು ಹಾಕಿದ ಹಳೆಯ ರೋಬಸ್ಟಾ ಬುಡ ಒಣಗಿದ್ದರೆ ಸದ್ದಿಲ್ಲದೆ, ನಿಧಾನವಾಗಿ, ಗಟ್ಟಿ ಕೆಂಡವಾಗಿ ಉರಿಯುತ್ತದೆ. ಹಂಡೆ ಒಲೆಗೆ ಅದಕ್ಕಿಂತ ಒಳ್ಳೆಯ ಸೌದೆ ನಾನು ಕಂಡಿಲ್ಲ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಉರಿ ಹಚ್ಚಲು ಸಾಕು. ಹಾಲುವಾಣ ನೀರು ಕುಡಿದ ಮರ, ಹೊಗೆಗೆ ಮಾತ್ರ.

ಆದರೆ ಗಂಟು ಸೀಳದ ಬಿದಿರನ್ನು ಒಲೆಗೆ ಇಡಲೇಬೇಡಿ. ಎರಡು ಗಂಟುಗಳ ನಡುವಿನ ಗಾಳಿ ಕಾದು, ಹೊರಬರಲು ದಾರಿಯಿಲ್ಲದೆ ಕೋವಿಯ ಹಾಗೆ ಸಿಡಿಯುತ್ತದೆ. ಕೆಂಡ ಒಲೆಬಾಯಿಂದ ಆಚೆ ಹಾರುತ್ತದೆ. ಮೇಲಾಗಿ ಆನೆ ತೋಟಕ್ಕಿಳಿದಾಗ ಪಟಾಕಿ ಸಿಡಿಸುವ ಊರು ನಮ್ಮದು. ಕತ್ತಲಲ್ಲಿ ಅಂಥ ಸದ್ದು ಕೇಳಿದರೆ ಅಕ್ಕಪಕ್ಕದ ಲೈನ್ ಮನೆಯವರು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಾರೆ. ಹೊಳೆಯಿಂದ ತಂದ ಕಲ್ಲನ್ನು ಒಲೆಗುಂಡಾಗಿ ಇಡುವುದೂ ಬೇಡ. ಕಲ್ಲಿನ ಸಂದಿಯಲ್ಲಿ ಕೂತ ನೀರು ಆವಿಯಾದಾಗ ಕಲ್ಲೇ ಚೂರಾಗಿ ಸಿಡಿಯಬಹುದು. ನೆನೆದ ಒಲೆಗೂ ಇದೇ ಅಪಾಯ. 2019ರ ಆಗಸ್ಟಿನಲ್ಲಿ ಕಾವೇರಿ ನಮ್ಮ ಊರಿನ ಮನೆಗಳಿಗೆ ನುಗ್ಗಿತ್ತು. ಅಂಥ ನೀರು ನಿಂತ ಒಲೆಯನ್ನು ಒಮ್ಮೆಗೇ ದೊಡ್ಡ ಉರಿಗೆ ಒಡ್ಡಬಾರದು. ಕೆಲವು ದಿನ ಪುರಳೆಯ ಸಣ್ಣ ಉರಿಯಲ್ಲೇ ಒಣಗಿಸಬೇಕು.

ನನಗೆ ಅತ್ಯಂತ ಪ್ರಿಯವಾದದ್ದು ಹಂಡೆಯ ಹಾಡು. ಉರಿ ಹಾಕಿ ಸ್ವಲ್ಪ ಹೊತ್ತಿಗೆ ತಳದಿಂದ ಸಣ್ಣಗೆ ಗುಂಯ್‌ಗುಟ್ಟಲು ಶುರುವಾಗುತ್ತದೆ. ಕಾದ ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಮೇಲೇಳುತ್ತಲೇ ತಣ್ಣನೆಯ ನೀರಿಗೆ ಸಿಕ್ಕಿ ಫಕ್ಕನೆ ಕುಸಿಯುತ್ತದೆ. ಸಾವಿರಾರು ಗುಳ್ಳೆಗಳು ಹೀಗೆ ಕುಸಿಯುವ ಸದ್ದು ಸೇರಿ ಹಾಡಾಗುತ್ತದೆ, ತಾಮ್ರ ಅದಕ್ಕೆ ಮೈಯೆಲ್ಲ ಕೊಟ್ಟು ದನಿ ಹಿಗ್ಗಿಸುತ್ತದೆ. ನೀರೆಲ್ಲ ಒಂದೇ ಸಮ ಬಿಸಿಯಾದ ಮೇಲೆ ಗುಳ್ಳೆಗಳು ಕುಸಿಯದೆ ಮೇಲಿನವರೆಗೂ ಬರುತ್ತವೆ. ಹಾಡು ತಗ್ಗಿ ಕೊತಕೊತ ಉಳಿಯುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಈ ಊರಿನಲ್ಲಿ ಅದು ಸುಮಾರು 97 ಡಿಗ್ರಿಗೇ ಆಗಿಬಿಡುತ್ತದೆ. ಸ್ನಾನಕ್ಕೆ ಅಷ್ಟು ಯಾಕೆ ಬೇಕು? ಹಾಡು ಜೋರಾದಾಗಲೇ ಸೌದೆ ಹಿಂದಕ್ಕೆಳೆದರೆ ಕೆಂಡದ ಕಾವಿನಲ್ಲೇ ಮನೆಮಂದಿಗೆಲ್ಲ ನೀರಾಗುತ್ತದೆ.

ಹಾಡಿನ ಬದಲು ತಳದಿಂದ ಧಪ್, ಧಪ್ ಎಂದು ಗುದ್ದಿದರೆ ಒಳಗೆ ಸುಣ್ಣ ಕಟ್ಟಿದೆ. ಬಾವಿ ನೀರಿನ ಮನೆಗಳಲ್ಲಿ ಇದು ಕಡಿಮೆ, ಕೊಳವೆಬಾವಿಯ ಗಡಸು ನೀರಿನವರಲ್ಲಿ ಹೆಚ್ಚು. ಪದರದ ಕೆಳಗೆ ಸಿಕ್ಕ ನೀರು ಆವಿಯಾಗಿ ಅದನ್ನು ಎತ್ತೆತ್ತಿ ಹಾಕುತ್ತದೆ, ಅಲ್ಲಿ ತಾಮ್ರ ಅತಿಯಾಗಿ ಕಾದು ಬೇಗ ಸವೆಯುತ್ತದೆ. ಹುಣಸೆಹಣ್ಣಿನ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು ತಿಕ್ಕಿ. ಹುಳಿ ಸುಣ್ಣವನ್ನು ಕರಗಿಸುತ್ತದೆ. ನಮ್ಮ ಕೊಡಗಿನ ಹುಳಿಯಾದ ಕಾಚಂಪುಳಿಯನ್ನು ಮಾತ್ರ ಪಂದಿ ಕರಿಗೆ ಉಳಿಸಿಕೊಳ್ಳಿ.

ತಗಡಿನ ಕೊಳವೆ ಟಿಕ್ ಟಿಕ್ ಎಂದರೆ ಹೆದರಬೇಕಿಲ್ಲ. ಮೂರು ಮೀಟರ್ ಕೊಳವೆ 200 ಡಿಗ್ರಿ ಕಾದರೆ ಏಳು ಮಿಲಿಮೀಟರ್ ಉದ್ದವಾಗುತ್ತದೆ, ಆರುವಾಗ ಅಷ್ಟೇ ಕುಗ್ಗುತ್ತದೆ.

ಹೆದರಬೇಕಾದದ್ದು ಮೊರೆತಕ್ಕೆ. ಉರಿ ಹಚ್ಚಿದಾಗ ಕೊಳವೆ ಸ್ವಲ್ಪ ಹೊತ್ತು ಹೋ ಎನ್ನುವುದು ಸಹಜ, ಒಲೆಬಾಯಿಯ ಸೌದೆ ಹಿಂದಕ್ಕೆಳೆದರೆ ಅದು ತಗ್ಗುತ್ತದೆ. ಸೌದೆ ಎಳೆದ ಮೇಲೂ ಮೊರೆತ ಏರುತ್ತಲೇ ಹೋದರೆ, ಕೊಳವೆ ನಡುಗಿದರೆ, ತುದಿಯಿಂದ ಕಿಡಿ ಹಾರಿದರೆ ಉರಿಯುತ್ತಿರುವುದು ಒಲೆಯಲ್ಲ, ಕೊಳವೆಯೊಳಗಿನ ಮಸಿ. ಆ ಬೆಂಕಿ ಸಾವಿರ ಡಿಗ್ರಿ ಮುಟ್ಟಬಹುದು. ಕೊಳವೆ ಹಾದುಹೋಗುವ ಕಡೆ ಪಕಾಸು, ರೀಪು ಎಲ್ಲವೂ ಮರದ್ದು. ಒಲೆಬಾಯಿಗೆ ಕೂಡಲೇ ತಗಡು ಮುಚ್ಚಿ ಗಾಳಿ ಕಟ್ಟಬೇಕು. ಕೆಂಪಗೆ ಕಾದ ಕೊಳವೆಗೆ ನೀರು ಸುರಿಯಬಾರದು. ಸುರಿದರೆ ಅದು ಬಿರಿದು ಬೆಂಕಿ ಹೊರಗೇ ಬರುತ್ತದೆ. ಎಲ್ಲರನ್ನೂ ಆಚೆ ಕಳಿಸಿ 112ಕ್ಕೆ ಫೋನ್ ಮಾಡಿ. ಮರುದಿನ ಕೊಳವೆಯನ್ನು ಪೂರ್ತಿ ಬಿಚ್ಚಿ ನೋಡದೆ ಉರಿ ಹಾಕಬೇಡಿ.

ಸದ್ದೇ ಮಾಡದ ಇನ್ನೊಂದಿದೆ, ಇಂಗಾಲದ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕು ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಬಚ್ಚಲಿನ ಗ್ಯಾಸ್ ಗೀಸರ್, ಚಳಿಗೆಂದು ಮಲಗುವ ಕೋಣೆಗೆ ತಂದಿಟ್ಟ ಕೆಂಡದ ಅಗ್ಗಿಷ್ಟಿಕೆ, ಇವೆರಡರಿಂದ ಜೀವ ಹೋದ ಸುದ್ದಿ ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವೆ. ಒಲೆಬಾಯಿ ಬಚ್ಚಲಿನ ಒಳಗೇ ಇದ್ದರೆ ಕಿಟಕಿ ತೆರೆದಿರಲಿ, ಚಳಿಯಾದರೂ ಸರಿ. ತಲೆನೋವು, ವಾಕರಿಕೆ ಬಂದರೆ ಸ್ನಾನ ಅರ್ಧಕ್ಕೆ ಬಿಟ್ಟು ಹೊರಗೆ ಬನ್ನಿ.

ಮಸಿಗೆ ಮದ್ದು ಸೌದೆ ಕೊಟ್ಟಿಗೆಯಲ್ಲಿದೆ. ನಮ್ಮಲ್ಲಿ ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿಯುವ ಹೊತ್ತಿಗೆ ಮಳೆ ಹಿಡಿಯುತ್ತದೆ. ಆ ಕೊಂಬೆಗಳನ್ನೇ ಮೂಲೆಗೆ ರಾಶಿ ಹಾಕಿ ಡಿಸೆಂಬರಿನಲ್ಲಿ ಒಲೆಗಿಡುತ್ತೇವೆ. ಮಳೆಗಾಲವಿಡೀ ತೇವ ಹೀರಿದ ಸೌದೆ ಎರಡು ತಿಂಗಳಲ್ಲಿ ಒಣಗುವುದಿಲ್ಲ. ಈ ಬಾರಿಯ ಮರಗಸಿಯ ಕೊಂಬೆಗಳನ್ನು ಸೀಳಿ, ನೆಲದಿಂದ ಒಂದಡಿ ಎತ್ತರಕ್ಕೆ, ಗಾಳಿ ಆಡುವಂತೆ ಅಡ್ಡಡ್ಡ ಜೋಡಿಸಿ ಮೇಲಕ್ಕೆ ಮಾತ್ರ ತಗಡು ಹೊದಿಸಿ. ಅದನ್ನು ಮುಟ್ಟುವುದು ಮುಂದಿನ ವರ್ಷದ ಚಳಿಗೆ. ಈ ಚಳಿಗೆ ಹಳೆಯ ರೋಬಸ್ಟಾ ಬುಡಗಳಿದ್ದರೆ ಅವನ್ನೇ ಉರಿಸಿ. ಕೊಳವೆಯನ್ನು ಈ ಭಾನುವಾರವೇ ಇಳಿಸಿ, ಉದ್ದನೆಯ ಕೋಲಿಗೆ ಗೋಣಿ ಸುತ್ತಿ ಒಳಗೆ ಆಡಿಸಿ. ಉದುರಿದ ಮಸಿ ಒಣ ಪುಡಿಯಾಗಿದ್ದರೆ ಒಲೆ ಸರಿಯಿದೆ. ಹೊಳೆಯುವ ಕರಿ ಚಕ್ಕೆಗಳಾಗಿ ಬಂದರೆ ಜನವರಿ ಮುಗಿಯುವುದರೊಳಗೆ ಇನ್ನೊಮ್ಮೆ ಇಳಿಸಬೇಕಾಗುತ್ತದೆ.