‘ವೂ’ ಎಂಬ ಚೀನೀ ಅಕ್ಷರದ ಲೇಖನಕ್ರಮವೂ ನಿರ್ವಚನವೂ

ಚೀನೀ ಭಾಷೆಯಲ್ಲಿ ಯುದ್ಧ, ಶೌರ್ಯ, ಸೇನಾಬಲ ಎಂಬ ಅರ್ಥಗಳಲ್ಲಿ ರೂಢವಾಗಿರುವ ಅಕ್ಷರವೊಂದುಂಟು. ಅದರ ಉಚ್ಚಾರಣೆ ‘ವೂ’. ಆಯುಧವನ್ನು ತಡೆದು ನಿಲ್ಲಿಸುವುದೇ ಶೌರ್ಯವೆಂದು ಇದಕ್ಕೆ ಹೇಳುವ ನಿರ್ವಚನವು ಬಹುಕಾಲದಿಂದ ಪ್ರಸಿದ್ಧವಾಗಿದೆ. ಅದು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದು ಇಲ್ಲಿ ವಿಚಾರಣೀಯ.

ಈ ಅಕ್ಷರಕ್ಕೆ 8 ರೇಖೆಗಳು. ಮೊದಲು ಮೇಲ್ಗಡೆ ಎಡಭಾಗದಲ್ಲಿ ಒಂದು ಕಿರಿಯ ಅಡ್ಡಗೆರೆ, ಅದರ ಕೆಳಗೆ ಒಂದು ಉದ್ದನೆಯ ಅಡ್ಡಗೆರೆ. ಇದರ ಕೆಳಗೆ ಎಡಕ್ಕೆ 4 ರೇಖೆಗಳ ಒಂದು ಅವಯವ: ಒಂದು ನಿಲುಗೆರೆ, ಅದರ ನಡುವಿನಿಂದ ಬಲಕ್ಕೆ ಒಂದು ಕಿರುಗೆರೆ, ಎಡಗಡೆ ಮತ್ತೊಂದು ಗಿಡ್ಡ ನಿಲುಗೆರೆ, ತಳದಲ್ಲಿ ಎಡದಿಂದ ಬಲಕ್ಕೆ ಏರುವ ಗೆರೆ. ಏಳನೆಯದು ಮೇಲಿನಿಂದ ಹೊರಟು ಉದ್ದನೆಯ ಅಡ್ಡಗೆರೆಯನ್ನು ದಾಟಿ, ಬಲಕ್ಕೆ ಓರೆಯಾಗಿ ಇಳಿದು, ಕೊನೆಯಲ್ಲಿ ಕೊಕ್ಕೆಯಂತೆ ಮೇಲಕ್ಕೆ ಬಾಗುವುದು. ಎಂಟನೆಯದು ಬಲಗಡೆ ಮೇಲಿಡುವ ಬಿಂದು. ಎಡಗಡೆಯ ಅವಯವವು ‘ನಿಲ್ಲು’ ಎಂಬರ್ಥದ ಅಕ್ಷರ. ಉಳಿದುದು ಅಡ್ಡಲಗಿನ ಆಯುಧವೊಂದರ ರೂಪ. ಪ್ರಸಿದ್ಧ ನಿರ್ವಚನಕ್ಕೆ ಈ ಅವಯವಾರ್ಥವೇ ಆಧಾರ. ಕ್ರಿ. ಶ. 100ರಲ್ಲಿ ಷೂ ಷೆನ್ನನು ಮುಗಿಸಿದ ‘ಷುವೊವೆನ್ ಜಿಯೆಜಿ’ ಎಂಬ ಕೋಶವೂ ಇದನ್ನೇ ಅಂಗೀಕರಿಸಿದೆ.

ಆದರೆ ಷೂ ಷೆನ್ನನಿಗೆ ದೊರಕದ ಸಾಕ್ಷ್ಯವು ಈಗ ದೊರೆತಿದೆ. 1899ರಿಂದ ವಿದ್ವಾಂಸರ ಗಮನಕ್ಕೆ ಬಂದ, ಎಲುಬು ಮತ್ತು ಆಮೆಚಿಪ್ಪುಗಳ ಮೇಲೆ ಕೊರೆದ ಪ್ರಾಚೀನ ಲೇಖಗಳಲ್ಲಿ ಆ ಅವಯವವು ಪಾದದ ಚಿತ್ರವಾಗಿದೆ. ‘ನಡೆ’ ಎಂಬರ್ಥದ ಅಕ್ಷರದಲ್ಲಿ ಇಂತಹವೇ ಎರಡು ಪಾದಗಳಿವೆ. ಆದುದರಿಂದ ‘ವೂ’ ಎಂಬುದು ಆಯುಧವನ್ನು ಹೊತ್ತು ಮುನ್ನಡೆಯುವುದನ್ನು ಸೂಚಿಸುವುದೆಂಬುದೇ ಯುಕ್ತವಾದ ಪಕ್ಷ. ‘ನಿಲ್ಲು’ ಎಂಬುದು ಆ ಅವಯವಕ್ಕೆ ಅನಂತರ ಬಂದ ಅರ್ಥ. ಅದನ್ನು ಮೂಲದಲ್ಲಿ ಆರೋಪಿಸುವುದು ಸಲ್ಲದು.

ಹಾಗಾದರೆ ಪ್ರಾಚೀನರ ವಚನವು ವ್ಯರ್ಥವೇ? ಅಲ್ಲ. ಅದರ ಪ್ರಸಂಗವನ್ನು ನೋಡಬೇಕು. ಕ್ರಿ. ಪೂ. 597ರಲ್ಲಿ ಬೀ ಎಂಬಲ್ಲಿ ಜಿನ್ ಸೈನ್ಯವನ್ನು ಗೆದ್ದ ಚೂ ರಾಜ್ಯದ ಜುವಾಂಗ್ ರಾಜನಿಗೆ, ಶತ್ರುಗಳ ಶವಗಳನ್ನು ರಾಶಿಹಾಕಿ ಜಯಚಿಹ್ನವಾದ ದಿಬ್ಬವನ್ನು ಕಟ್ಟಿಸಬೇಕೆಂದು ಅವನ ಕಡೆಯವನೊಬ್ಬನು ಸಲಹೆಯಿತ್ತನು. ಅದನ್ನು ನಿರಾಕರಿಸುವಾಗ ರಾಜನು ಈ ಅಕ್ಷರವನ್ನು ಹಾಗೆ ಬಿಡಿಸಿ ಹೇಳಿದನೆಂದು ‘ಜುವೊ ಜುವಾನ್’ ತಿಳಿಸುತ್ತದೆ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಇದು ಅರ್ಥವಾದ. ಅರ್ಥವಾದಕ್ಕೆ ಪ್ರಾಮಾಣ್ಯವು ಅದು ಪ್ರಶಂಸಿಸುವ ಅಥವಾ ನಿಷೇಧಿಸುವ ಕಾರ್ಯದಲ್ಲಿಯೇ ಹೊರತು ಅದರ ಅಕ್ಷರಾರ್ಥದಲ್ಲಿ ಅಲ್ಲ. ಶವರಾಶಿಯ ನಿಷೇಧವೇ ಇಲ್ಲಿಯ ತಾತ್ಪರ್ಯ.

ಬೋಧಿಸುವವರು ಈ ಎರಡನ್ನೂ ಬೇರೆಬೇರೆಯಾಗಿ ತಿಳಿಸಬೇಕು. ಸುಂದರವಾದ ಕಥೆಯನ್ನೇ ವ್ಯುತ್ಪತ್ತಿಯೆಂದು ಕಲಿಸಿದರೆ ವಿದ್ಯಾರ್ಥಿಯು ಲಿಪಿಯ ಚರಿತ್ರೆಯನ್ನು ಕಳೆದುಕೊಳ್ಳುವನು. ವ್ಯುತ್ಪತ್ತಿಯು ತಪ್ಪೆಂದು ಕಥೆಯನ್ನೇ ತ್ಯಜಿಸಿದರೆ ರಾಜನ ವಿವೇಕವನ್ನು ಕಳೆದುಕೊಳ್ಳುವನು.