ಪಣವೇ ಆಡಿದಾಗ

ಪೋಕರ್‌ನಲ್ಲಿ ‘ಡ್ರಾ’ ಎಂದರೆ ಇನ್ನೂ ಕೂಡಿಬರದ ಕೈ. ಕೈಯಲ್ಲಿ ಎರಡು, ಮೇಜಿನ ಮೂರೆಲೆಗಳಲ್ಲಿ ಎರಡು, ಒಟ್ಟು ನಾಲ್ಕು ಆಠೀನು; ಐದನೆಯದು ಬಂದರೆ ಗೆಲುವು ಹತ್ತಿರ, ಬಾರದಿದ್ದರೆ ಏನೂ ಇಲ್ಲ. ಕಾಣದ 47 ಎಲೆಗಳಲ್ಲಿ ಬೇಕಾದವು 9. ಮುಂದಿನ ಎಲೆಯೇ ಅದಾಗುವ ಸಾಧ್ಯತೆ ಶೇ. 19. ಎದುರಿಗಿರುವವನು ಪ್ರತಿ ಸುತ್ತಿಗೂ ಹಣ ಏರಿಸುವ ಆರ್ಭಟದ ಆಸಾಮಿಯಾದರೆ ಹುಸಿ ಬೆದರಿಕೆ ನಡೆಯದು, ಅವನು ಎಲೆ ಕೆಳಗಿಡುವವನೇ ಅಲ್ಲ. ಮೇಜಿನ ಮೇಲೆ 100 ರೂಪಾಯಿ ಇದ್ದು ಅವನು 50 ಹಾಕಿದರೆ, 150 ಗೆಲ್ಲಲು ನಾವು 50 ಕೊಡಬೇಕು. ನಾಲ್ಕರಲ್ಲಿ ಒಂದು ಸಲ ಗೆಲ್ಲದಿದ್ದರೆ ನಷ್ಟ. ಶೇ. 19 ಸಾಲದು. ಆದರೂ ಬಲ್ಲವರು ಕೂರುತ್ತಾರೆ: ನಮ್ಮ ಎಲೆ ಬಂದ ಮೇಲೂ ಅವನು ಸುರಿಯುತ್ತಲೇ ಇರುತ್ತಾನೆ ಎಂಬ ಲೆಕ್ಕದಲ್ಲಿ.

ಸಭಾಪರ್ವದ ದ್ಯೂತಕ್ಕೆ ಈ ಲೆಕ್ಕ ಹಿಡಿದರೆ ಮೊದಲು ಕಾಣುವುದು, ಆರ್ಭಟದ ಆಟಗಾರ ಶಕುನಿಯಲ್ಲ ಎಂಬುದು. ವ್ಯಾಸಭಾರತದಲ್ಲಿ ಪಣ ಹೇಳುತ್ತಾ ಹೋಗುವವನು ಧರ್ಮರಾಯ. ಶಕುನಿ ದಾಳ ಎಸೆದು ಗೆದ್ದೆನೆನ್ನುತ್ತಾನೆ, ಅಷ್ಟೇ. ನಕುಲ, ಸಹದೇವ, ಅರ್ಜುನ, ಭೀಮ, ಕೊನೆಗೆ ತಾನು. ಇನ್ನೂ ಸೊತ್ತು ಉಳಿದಿರುವಾಗ ತನ್ನನ್ನೇ ಸೋಲುವುದು ಪಾಪ ಎಂದು ಶಕುನಿಯೇ ಹೇಳಿ, ದ್ರೌಪದಿಯನ್ನು ನೆನಪಿಸುತ್ತಾನೆ. (ಕಾವ್ಯದ ಅತಿ ತಣ್ಣನೆಯ ಮಾತು ಇದು.) ದಾಳದಲ್ಲಿ ‘ಡ್ರಾ’ ಇಲ್ಲ, ಎಸೆದೊಡನೆ ತೀರ್ಮಾನ.

ಕಾಯುವ ಕೈ ಬರುವುದು ದ್ರೌಪದಿಯ ಜೊತೆ. ತನ್ನನ್ನು ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಇತ್ತೇ? ಈ ಪ್ರಶ್ನೆ ಗೆದ್ದ ಕೈಯಲ್ಲ, ಸೋತ ಕೈಯೂ ಅಲ್ಲ. ಭೀಷ್ಮ ಧರ್ಮ ಸೂಕ್ಷ್ಮವೆಂದು ಜಾರಿಕೊಳ್ಳುತ್ತಾನೆ, ವಿಕರ್ಣ ಅವಳ ಪರ ನಿಲ್ಲುತ್ತಾನೆ. ಅತ್ತ ಕರ್ಣ ಸೀರೆ ಸೆಳೆಯಹೇಳುತ್ತಾನೆ, ದುರ್ಯೋಧನ ತೊಡೆ ತೋರಿಸುತ್ತಾನೆ. ಏರಿಸಿದಷ್ಟೂ ಅವರದೇ ಹೊರೆ ಏರುತ್ತದೆ. ಧೃತರಾಷ್ಟ್ರನ ಅಗ್ನಿಶಾಲೆಯಲ್ಲಿ ನರಿ ಕೂಗಿದಾಗ ಮುದುಕ ಹೆದರಿ ವರ ಕೊಡುತ್ತಾನೆ. ಅವಳು ಎರಡರಲ್ಲಿ ಐವರನ್ನೂ ಬಿಡಿಸಿ, ಮೂರನೆಯದನ್ನು ಬೇಡವೆನ್ನುತ್ತಾಳೆ. ಎಲ್ಲಿ ಏಳಬೇಕೆಂದು ಆ ಸಭೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಧರ್ಮರಾಯ ಅರ್ಧದಾರಿಯಿಂದ ಮರಳಿ ಮತ್ತೆ ಕೂರುತ್ತಾನೆ.

ಹೋಲಿಕೆ ಮುರಿಯುವ ಜಾಗವನ್ನೂ ಹೇಳಬೇಕು. ಪೋಕರ್ ಆಡುವವನಿಗೆ ಬೆಲೆ ಹೆಚ್ಚಾಯಿತೆನಿಸಿದರೆ ಎಲೆ ಚೆಲ್ಲಿ ಏಳಬಹುದು. ಅವಳಿಗೆ ಆ ಅವಕಾಶ ಇಲ್ಲ. ಅವಳು ಆಡಲು ಬಂದವಳಲ್ಲ, ಮೇಜಿನ ಮೇಲಿನ ಹಣ. ಆದ್ದರಿಂದ ಅವಳ ತಾಳ್ಮೆಯನ್ನು ಬರೀ ಜಾಣತನವೆಂದು ಹೊಗಳಲು ನನಗೆ ಮನಸ್ಸಿಲ್ಲ.

ಕುಮಾರವ್ಯಾಸನಲ್ಲೂ ಪ್ರಶ್ನೆ ಇದೆ, ಆದರೆ ಅವನ ಒಲವು ಕೃಷ್ಣನತ್ತ. ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಪಠ್ಯದಲ್ಲಾದರೋ ಅವಳು ಕೃಷ್ಣನನ್ನು ಕೂಗುವ ಭಾಗ ಮೂಲಕ್ಕೆ ಸೇರಿಲ್ಲ. ನಮ್ಮ ಮಾಣಿ, ವಿಟ್ಲ, ಪುತ್ತೂರಿನ ಕಡೆ ನಾನು ಕೇಳಿದ ತಾಳಮದ್ದಳೆಗಳಲ್ಲಿ ದುಶ್ಶಾಸನನ ಅರ್ಥಕ್ಕೆ ಗಂಟೆ ಸಿಗುತ್ತದೆ, ಮೊರೆಗೆ ಅರ್ಧ ಗಂಟೆ. ಆ ಪ್ರಶ್ನೆಯನ್ನು ಭೀಷ್ಮನ ಮುಂದಿಟ್ಟು, ಉತ್ತರ ಬರುವವರೆಗೆ ಭಾಗವತರು ಮುಂದಿನ ಪದ ಎತ್ತದಂತೆ ಹಿಡಿದು ನಿಲ್ಲಿಸುವ ದ್ರೌಪದಿಯನ್ನು ನಾನಿನ್ನೂ ಕೇಳಬೇಕಿದೆ.